ಯಂತ್ರದ ನೆರಳಲ್ಲಿ ಕೂರಬೇಡಿ



ಹಿಂದೆ ಗಾರೆ ಕೆಲಸ ಎಂದರೆ ಗುದ್ದಲಿ, ಸಲಿಕೆ, ಬಾಂಡ್ಲಿ ಇಷ್ಟೇ ಇತ್ತು. ಈಗ ಒಂದು ಸಣ್ಣ ಮನೆ ಕಟ್ಟುವ ಕಡೆಯೂ ಪಾಯ ತೋಡಲು ಜೆಸಿಬಿ ಬರುತ್ತದೆ, ಜಲ್ಲಿ ತರಲು ಟಿಪ್ಪರ್ ಬರುತ್ತದೆ, ಮೋಲ್ಡ್ ಹಾಕುವ ದಿನ ಮಿಕ್ಸರ್ ಬರುತ್ತದೆ. ನಮ್ಮ ಸಂಘಗಳ ಅನೇಕ ಸದಸ್ಯೆಯರು ದಿನವಿಡೀ ಈ ಯಂತ್ರಗಳ ನಡುವೆಯೇ ಓಡಾಡುತ್ತಾರೆ. ಯಂತ್ರ ನಡೆಸುವವನು ಕೆಲಸ ಕಲಿತು ಬಂದಿರುತ್ತಾನೆ. ಆದರೆ ಅದರ ಪಕ್ಕದಲ್ಲೇ ಬಾಂಡ್ಲಿ ಹೊರುವ ಹೆಣ್ಣುಮಗಳಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಯಾರೂ ಹೇಳಿಕೊಡುವುದಿಲ್ಲ.

ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಅಳುತ್ತಾ ಹೇಳಿದ ಮಾತನ್ನು ನಾವು ಮರೆತಿಲ್ಲ. ಮಧ್ಯಾಹ್ನದ ಊಟದ ಹೊತ್ತು, ಸುಡು ಬಿಸಿಲು, ಸುತ್ತ ಒಂದು ಮರವೂ ಇಲ್ಲ. ಎರಡು ವರ್ಷದ ಮಗುವನ್ನು ನಿಂತಿದ್ದ ಟಿಪ್ಪರಿನ ನೆರಳಲ್ಲಿ ಮಲಗಿಸಿ ಅವರು ನೀರು ತರಲು ಹೋಗಿದ್ದರು. ಡ್ರೈವರ್ ಬಂದು ಗಾಡಿ ಸ್ಟಾರ್ಟ್ ಮಾಡಿದ. ಇನ್ನೊಬ್ಬಾಕೆ ನೋಡಿ ಕಿರುಚಿಕೊಂಡಿದ್ದರಿಂದ ಮಗು ಉಳಿಯಿತು. "ಅವನಿಗೆ ಕಣ್ಣು ಕಾಣ್ಲಿಲ್ವಾ ಸಿಸ್ಟರ್?" ಎಂದು ಆ ತಾಯಿ ಕೇಳಿದರು.

ಈ ಪ್ರಶ್ನೆಗೆ ಉತ್ತರ ತಿಳಿಯಲು ಒಂದು ದಿನ ನಾವೇ ಟಿಪ್ಪರ್ ಹತ್ತಿದೆವು. ಡ್ರೈವರಣ್ಣ ಗಾಡಿ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ನಮ್ಮನ್ನು ತನ್ನ ಸೀಟಿನಲ್ಲಿ ಕೂರಿಸಿದರು. ಸಂಘದ ಎಂಟು ಜನರನ್ನು ಗಾಡಿಯ ಹಿಂದೆ ನಿಲ್ಲಲು ಹೇಳಿದೆವು. ಎರಡೂ ಕನ್ನಡಿಯಲ್ಲಿ ನೋಡಿದೆವು, ಒಬ್ಬರೂ ಕಾಣಲಿಲ್ಲ. ಎಡಗಡೆ ಬಾಗಿಲ ಕೆಳಗೆ ನಿಂತವರೂ ಕಾಣಲಿಲ್ಲ. ಬಂಪರಿಗೆ ಅಂಟಿ ಕುಳಿತವರೂ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಸೀಟಿಗೆ ಹತ್ತಿಸಿ ತೋರಿಸಿದೆವು. "ಅಯ್ಯೋ, ನಾವು ಇಷ್ಟು ದಿನ ಅವರಿಗೆ ಕಾಣ್ತೀವಿ ಅಂದ್ಕೊಂಡಿದ್ವಿ" ಎಂದರು.

ಕಲಿಯಬೇಕಾದ ಮೊದಲ ಪಾಠ ಇದೇ. ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುವುದಿಲ್ಲ. ನೀವು ಅವನನ್ನು ನೋಡಿ, ಅವನು ನಿಮ್ಮನ್ನು ನೋಡಿ, ಕೈಸನ್ನೆ ಮಾಡಿದ ಮೇಲೆಯೇ ಯಂತ್ರದ ಹತ್ತಿರ ಹೋಗಿ. ಬರಿ ಹಾರ್ನ್ ನಂಬಬೇಡಿ. ಮಿಕ್ಸರ್ ಸದ್ದಿನಲ್ಲಿ ರಿವರ್ಸ್ ಹಾರ್ನ್ ಕಿವಿಗೆ ಬೀಳುವುದೇ ಇಲ್ಲ.

ಟಿಪ್ಪರ್

ಟಿಪ್ಪರಿನ ಹಿಂದೆ, ಅಡಿಯಲ್ಲಿ, ಚಕ್ರದ ಪಕ್ಕದಲ್ಲಿ ಕೂರುವುದು, ಊಟ ಮಾಡುವುದು, ಮಗು ಮಲಗಿಸುವುದು ಬೇಡವೇ ಬೇಡ. ಗಾಡಿ ನಿಂತಿದೆ ಎಂದರೆ ಅದು ಯಾವ ಗಳಿಗೆಯಲ್ಲಾದರೂ ಹೊರಡಬಹುದು ಎಂದೇ ಅರ್ಥ. ಗಾಡಿ ಹಿಂದಕ್ಕೆ ಬರುವಾಗ ದಾರಿ ತೋರಿಸಲು ಒಬ್ಬರು ಇರಬೇಕು. ಅವರು ಹಿಂದೆ ನಿಲ್ಲದೆ, ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ ದೂರ ನಿಲ್ಲಬೇಕು. ತೊಟ್ಟಿ ಮೇಲೆತ್ತಿದಾಗ ಹತ್ತಿರ ಹೋಗಬೇಡಿ. ನೆಲ ಮೆತ್ತಗಿದ್ದರೆ ಗಾಡಿ ಪಕ್ಕಕ್ಕೆ ಮಗುಚುತ್ತದೆ.

ಜೆಸಿಬಿ, ಹಿಟಾಚಿ

ಜೆಸಿಬಿ ಸುಮಾರು ಏಳೆಂಟು ಟನ್ ತೂಗುತ್ತದೆ. ಅದರ ಹಿಂದಿನ ಉದ್ದನೆಯ ಕೈ ಎರಡೂ ಕಡೆ ಬೀಸುತ್ತದೆ. ಹಿಟಾಚಿಯಲ್ಲಿ ಕೈ ಮಾತ್ರವಲ್ಲ, ಮೇಲಿನ ಇಡೀ ಮೈ ತಿರುಗುತ್ತದೆ. ಮುಂದೆ ಬಕೆಟ್ ನೋಡಿಕೊಂಡು ನಾವು ಹಿಂದಿನಿಂದ ದಾಟುತ್ತೇವೆ, ಅಷ್ಟರಲ್ಲಿ ಹಿಂಭಾಗ ತಿರುಗಿ ಗೋಡೆಗೆ ಒತ್ತಿಬಿಡುತ್ತದೆ. ಆದ್ದರಿಂದ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಬೇಡಿ. ಕೈ ಎಷ್ಟು ದೂರ ಬೀಸುತ್ತದೋ ಅದಕ್ಕಿಂತ ಆಚೆ ಸುತ್ತಲೂ ಹಗ್ಗ ಕಟ್ಟಲು ಹೇಳಿ. ಬಕೆಟ್‌ನಲ್ಲಿ ಕೂತು ಹೋಗುವುದು, ಎತ್ತಿದ ಬಕೆಟ್ ಕೆಳಗೆ ಹಾದುಹೋಗುವುದು ಎರಡೂ ತಪ್ಪು.

ತೋಡಿದ ಗುಂಡಿಯ ಅಂಚಿನಲ್ಲೂ ನಿಲ್ಲಬೇಡಿ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಮಣ್ಣು ಸುಮಾರು ಒಂದೂವರೆ ಟನ್ ಭಾರ. ಯಂತ್ರ ಅದುರಿದಾಗ ಅಂಚು ಕುಸಿದರೆ ಒಳಗಿದ್ದವರಿಗೆ ಎದ್ದು ಬರಲು ಆಗುವುದಿಲ್ಲ. ಆಳದ ಗುಂಡಿಗೆ ಇಳಿಯುವ ಮೊದಲು ಪಕ್ಕಕ್ಕೆ ಹಲಗೆ ಆಸರೆ ಕೊಟ್ಟಿದ್ದಾರಾ, ಹತ್ತಲು ಏಣಿ ಇದೆಯಾ ನೋಡಿ. ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಲು ಬಿಡಬೇಡಿ.

ಮಿಕ್ಸರ್

ನಮ್ಮ ಹೆಣ್ಣುಮಕ್ಕಳಿಗೆ ಬಟ್ಟೆಯೇ ಅಪಾಯ ತರುವುದು ಇಲ್ಲಿ. ಸೀರೆ ಸೆರಗು, ದುಪಟ್ಟಾ, ಬಿಟ್ಟ ಜಡೆ, ಕತ್ತಿನ ದಾರ ಇವು ಬೆಲ್ಟಿಗೋ ಹಲ್ಲಿನ ಚಕ್ರಕ್ಕೋ ಸಿಕ್ಕಿದರೆ ಎಳೆದುಕೊಳ್ಳಲು ಒಂದು ಕ್ಷಣ ಸಾಕು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಹಳೆ ಶರ್ಟು ಹಾಕಿ ಗುಂಡಿ ಹಾಕಿಕೊಳ್ಳಿ. ಜಡೆಯನ್ನು ತುರುಬು ಕಟ್ಟಿ ಬಟ್ಟೆಯೊಳಗೆ ಮುಚ್ಚಿ. ಬೆಲ್ಟು, ಚಕ್ರಗಳಿಗೆ ತಗಡಿನ ಮುಚ್ಚಳ ಇರಲೇಬೇಕು. ಜಲ್ಲಿ ಸುರಿಯುವ ತೊಟ್ಟಿ ಮೇಲೇರಿದಾಗ ಅದರ ಕೆಳಗೆ ಬಿದ್ದ ಜಲ್ಲಿ ಬಾಚಲು ಬಗ್ಗಬೇಡಿ, ಹಗ್ಗ ತುಂಡಾದರೆ ಅದು ನೇರ ಮೇಲೆಯೇ ಬೀಳುತ್ತದೆ. ಡ್ರಮ್ ತೊಳೆಯುವುದಿದ್ದರೆ ಎಂಜಿನ್ ಪೂರ್ತಿ ಆಫ್ ಆಗಿರಬೇಕು. ಅದನ್ನು ನಿಲ್ಲಿಸುವುದು ಹೇಗೆಂದು ಹತ್ತಿರವಿರುವ ಎಲ್ಲರಿಗೂ ಗೊತ್ತಿರಲಿ.

ಕರೆಂಟ್ ತಂತಿ

ಜೆಸಿಬಿಯ ಕೈ ಅಥವಾ ಟಿಪ್ಪರಿನ ತೊಟ್ಟಿ ಮೇಲಿನ ತಂತಿಗೆ ತಾಗಿದರೆ ಯಂತ್ರಕ್ಕೆ ಮಾತ್ರವಲ್ಲ, ಸುತ್ತಲಿನ ನೆಲಕ್ಕೂ ಕರೆಂಟ್ ಹರಿಯುತ್ತದೆ. ಡ್ರೈವರನ್ನು ಎಳೆದು ಉಳಿಸಲು ಓಡಬೇಡಿ, ನೀವೂ ಸಾಯುತ್ತೀರಿ. ಕನಿಷ್ಠ 10 ಮೀಟರ್ ದೂರ ನಿಲ್ಲಿ. ಹತ್ತಿರದಲ್ಲೇ ಇದ್ದರೆ ಕಾಲು ಅಗಲಿಸದೆ, ಪಾದಕ್ಕೆ ಪಾದ ತಾಗಿಸಿ, ಜಾರಿಸುತ್ತಾ ಹಿಂದೆ ಸರಿಯಿರಿ. ಡ್ರೈವರಿಗೆ ಒಳಗೇ ಕೂತಿರಲು ಕೂಗಿ ಹೇಳಿ. 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ, 108ಕ್ಕೂ ತಿಳಿಸಿ.

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯ್ದೆ ಬಂದಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸುರಕ್ಷತೆಗಾಗಿ ಕೊಟ್ಟ ವಸ್ತುಗಳಿಗೆ ಕೂಲಿಯಲ್ಲಿ ಹಣ ಹಿಡಿಯುವಂತಿಲ್ಲ. ಅಪಾಯ ಕಂಡರೆ ಮಾಲೀಕರ ಗಮನಕ್ಕೆ ತರುವುದು ಕಾರ್ಮಿಕರ ಹಕ್ಕು. 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಚಿಕ್ಕ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಕೇಳಬಹುದು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳಬಹುದು. ಹಾಗೇನಾದರೂ ಆದರೆ ಆಸ್ಪತ್ರೆ ಚೀಟಿಗಳನ್ನೆಲ್ಲ ಜೋಪಾನ ಮಾಡಿ, ಜಾಗದ ಫೋಟೋ ತೆಗೆದಿಡಿ, ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. "ನಾವು ಬರಿ ಹೆಲ್ಪರು" ಎಂದು ಹಿಂಜರಿಯಬೇಡಿ, ಬಾಂಡ್ಲಿ ಹೊರುವವರೂ ಕಾರ್ಮಿಕರೇ.

ಸಂಘ ಏನು ಮಾಡಬಹುದು?

ಒಬ್ಬಳೇ ಮೇಸ್ತ್ರಿಯನ್ನು ಕೇಳಿದರೆ "ನಾಳೆಯಿಂದ ಬರಬೇಡ" ಎನ್ನಬಹುದು. ಆ ಭಯ ಸುಳ್ಳಲ್ಲ, ನಮಗೆ ಗೊತ್ತಿದೆ. ಆದರೆ ಹತ್ತು ಜನ ಒಟ್ಟಿಗೆ ಕೇಳಿದರೆ ಮಾತಿನ ತೂಕವೇ ಬೇರೆ. ಬ್ಯಾಂಕಿಗೆ ಒಟ್ಟಾಗಿ ಹೋಗಿ ಸಾಲ ಕೇಳಲು ಕಲಿತವರು ನೀವು. ಹಾಗೆಯೇ ಕೆಲಸ ಶುರುವಾಗುವ ಮುಂಚೆ ಈ ನಾಲ್ಕನ್ನು ಕೇಳಿ:

1. ಊಟಕ್ಕೆ, ಮಕ್ಕಳಿಗೆ ಯಂತ್ರದಿಂದ ದೂರ ಒಂದು ಚಪ್ಪರ.
2. ಗಾಡಿ ಹಿಂದೆ ಬರುವಾಗ ದಾರಿ ತೋರಿಸಲು ಒಬ್ಬರು.
3. ಯಂತ್ರದ ಸುತ್ತ ಹಗ್ಗ, ನಾವು ನಡೆಯಲು ಬೇರೆ ದಾರಿ.
4. ಎಲ್ಲರಿಗೂ ಹೆಲ್ಮೆಟ್, ಬೂಟು, ದೂರಕ್ಕೆ ಹೊಳೆಯುವ ಬಣ್ಣದ ಜಾಕೆಟ್.

ಮಗುವನ್ನು ಟಿಪ್ಪರಿನ ನೆರಳಲ್ಲಿ ಮಲಗಿಸಿದ ತಾಯಿಯದು ಅಜಾಗ್ರತೆ ಎಂದು ನಾವು ಹೇಳುವುದಿಲ್ಲ. ಆಕೆಗೆ ಬೇರೆ ನೆರಳೇ ಇರಲಿಲ್ಲ. ನಾಲ್ಕು ಗಳ, ಒಂದು ಟಾರ್ಪಾಲಿನ್ ಇದ್ದಿದ್ದರೆ ಆ ದಿನ ಅಷ್ಟು ಕಣ್ಣೀರು ಬೇಕಿರಲಿಲ್ಲ. ಆ ಊರಿನ ಸದಸ್ಯೆಯರು ಆಮೇಲೆ ಕೇಳಿದ ಮೊದಲ ವಸ್ತುವೂ ಅದೇ, ಮೇಸ್ತ್ರಿ ಎರಡನೇ ದಿನ ಕಟ್ಟಿಸಿಕೊಟ್ಟರು.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದು ಬರುವವರೊಬ್ಬರು ಎಲ್ಲರಿಗೂ ಓದಿ ಹೇಳಿ. ಯಾರು ಯಾರು ಕಟ್ಟಡ ಕೆಲಸಕ್ಕೆ ಹೋಗುತ್ತೀರಿ, ಯಾರ ಹೆಸರು ಮಂಡಳಿಯಲ್ಲಿ ಇನ್ನೂ ನೋಂದಣಿಯಾಗಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಕೆಲಸಕ್ಕೆ ಹೊರಟ ಪ್ರತಿಯೊಬ್ಬ ತಾಯಿಯೂ ಸಂಜೆ ಕ್ಷೇಮವಾಗಿ ಮನೆ ಸೇರಲಿ. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.