ಬೆಂಜ್ ಗಾಡಿಯ ಕಥೆ

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮ ಮನೆಯ ಹಿರಿಯರು' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆವು. ಒಬ್ಬ ಹುಡುಗನು ತನ್ನ ಪ್ರಬಂಧವನ್ನು ಎದ್ದು ನಿಂತು ಓದಿದನು. "ನಮ್ಮ ಅಜ್ಜನವರು 1966ನೆಯ ಇಸವಿಯಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬೆಂಜ್ ಓಡಿಸುತ್ತಿದ್ದರು" ಎಂಬ ವಾಕ್ಯ ಬಂದೊಡನೆ ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಬೆಂಜ್ ಎಂದರೆ ವರ್ಲಿಯ ಕಡಲ ದಂಡೆಯಲ್ಲಿ ಸದ್ದಿಲ್ಲದೆ ಜಾರಿಹೋಗುವ ಸಿರಿವಂತರ ಕಾರು ಎಂಬುದಷ್ಟೇ ಆ ಮಕ್ಕಳಿಗೆ ಗೊತ್ತು. ಹುಡುಗನ ಅಜ್ಜನಾದರೋ ಲಾರಿ ಚಾಲಕರಾಗಿದ್ದವರು. ನಗೆಯನ್ನು ತಡೆಯಬೇಕಾದ ನಾವೂ ಮುಗುಳ್ನಕ್ಕೆವು. ಅಷ್ಟೇ ಅಲ್ಲ, ಪುಸ್ತಕವನ್ನು ತಿದ್ದುವಾಗ 'ಬೆಂಜ್' ಎಂಬ ಪದವನ್ನು ಕೆಂಪು ಶಾಯಿಯಿಂದ ಹೊಡೆದು ಮೇಲೆ 'ಟಾಟಾ ಲಾರಿ' ಎಂದು ಬರೆದೆವು.

ತಿದ್ದಿದ ಮೇಲೆ ಮನಸ್ಸಿಗೆ ಏನೋ ಕಸಿವಿಸಿ. ನಮ್ಮ ಊರಿನಲ್ಲಿಯೂ ಹಿರಿಯರು ಹಳೆಯ ಲಾರಿಯನ್ನು 'ಬೆಂಜ್ ಗಾಡಿ' ಎಂದು ಕರೆಯುತ್ತಿದ್ದುದು ನೆನಪಿಗೆ ಬಂತು. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಬಳಿಕ ಅಂಥ ಎಷ್ಟೋ ಮಾತುಗಳನ್ನು ನಾವು ಹಳ್ಳಿಯವರ ಅಜ್ಞಾನವೆಂದು ಬದಿಗಿಟ್ಟಿದ್ದೆವು. ಈ ಒಂದು ಮಾತನ್ನಾದರೂ ಶೋಧಿಸಿ ನೋಡೋಣವೆಂದು ಹೊರಟಾಗ ದೊರೆತ ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕಾರ್ಲ್ ಬೆಂಜ್ ಎಂಬಾತನು ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣದ ಬಳಿ 1844ರಲ್ಲಿ ಹುಟ್ಟಿದನು. ತಂದೆ ರೈಲ್ವೆ ಎಂಜಿನ್ನಿನ ಚಾಲಕ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಆತನು ತೀರಿಕೊಂಡನು. ಬಡತನದಲ್ಲಿಯೇ ತಾಯಿ ಮಗನನ್ನು ಓದಿಸಿದಳು. ಕುದುರೆಯ ಹಂಗಿಲ್ಲದೆ ತನ್ನ ಬಲದಿಂದಲೇ ಓಡುವ ಬಂಡಿಯೊಂದನ್ನು ಮಾಡಬೇಕೆಂಬುದು ಬೆಂಜನ ಹಂಬಲ. ಮಾನ್‌ಹೈಮ್ ಪಟ್ಟಣದಲ್ಲಿ ಅವನು ಕಟ್ಟಿದ ಮೂರು ಚಕ್ರದ ಮೋಟಾರು ಬಂಡಿಗಾಗಿ 1886ರ ಜನವರಿ 29ರಂದು ಪೇಟೆಂಟಿನ ಅರ್ಜಿ ಸಲ್ಲಿಸಿದನು. ಆ ದಿನವನ್ನೇ ಜಗತ್ತು ಮೋಟಾರು ಕಾರಿನ ಹುಟ್ಟುಹಬ್ಬವೆಂದು ಎಣಿಸುತ್ತದೆ. ಅದರ ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ನಮ್ಮ ಸೈಕಲ್ಲಿನ ಸವಾರನು ಅದರ ಪಕ್ಕದಲ್ಲಿ ಹೋಗಬಲ್ಲ.

ಬಂಡಿಯೇನೋ ಸಿದ್ಧವಾಯಿತು, ಆದರೆ ಕೊಳ್ಳುವವರಿಲ್ಲ. ಇಲ್ಲಿ ಆತನ ಹೆಂಡತಿ ಬರ್ತಾಳ ಸಾಹಸವನ್ನು ಹೇಳಲೇಬೇಕು. ಗಂಡನ ಕಾರ್ಖಾನೆಗೆ ತನ್ನ ವರದಕ್ಷಿಣೆಯ ಹಣವನ್ನು ಸುರಿದವಳು ಆಕೆ. 1888ರ ಆಗಸ್ಟಿನಲ್ಲಿ ಒಂದು ಮುಂಜಾನೆ, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅದೇ ಬಂಡಿಯಲ್ಲಿ ಮಾನ್‌ಹೈಮಿನಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟೇಬಿಟ್ಟಳು. ದೂರ ನೂರು ಕಿಲೋಮೀಟರಿಗೂ ಹೆಚ್ಚು. ಪೆಟ್ರೋಲ್ ಪಂಪು ಎಂಬುದು ಲೋಕದಲ್ಲಿಯೇ ಇಲ್ಲದ ಕಾಲ. ವೀಸ್ಲೋಖ್ ಎಂಬ ಊರಿನಲ್ಲಿ ಔಷಧಿಯ ಅಂಗಡಿಯಿಂದ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ಇಂಧನವಾಗಿ ತುಂಬಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕಿನ ಮರದ ದಿಮ್ಮಿ ಸವೆಯಿತು. ಹಾದಿಯ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಸಂಜೆಗೆ ತವರು ಮುಟ್ಟಿ ಗಂಡನಿಗೆ ತಂತಿ ಕಳುಹಿಸಿದಳು. ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಆಕೆ ಬಂದು ಹೇಳಿದ ಮೇಲೆ ಬೆಂಜನು ಅದನ್ನು ಅಳವಡಿಸಿದನು. ಬೆಂಜ್ ಗಾಡಿಯ ಮೊದಲ ಘಾಟಿಯನ್ನು ಹತ್ತಿಸಿದವಳು ಒಬ್ಬ ತಾಯಿ ಎಂಬುದನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಲಿ.

ಅದೇ ವರ್ಷಗಳಲ್ಲಿ ಕಾನ್‌ಸ್ಟಾಟ್ ಎಂಬಲ್ಲಿ ಗೊಟ್ಲೀಬ್ ಡೈಮ್ಲರ್ ಮತ್ತು ಅವನ ಸಹಾಯಕ ವಿಲ್‌ಹೆಲ್ಮ್ ಮೇಬಾಖ್ ಬೇರೆಯಾಗಿಯೇ ಮೋಟಾರು ಬಂಡಿಯನ್ನು ಮಾಡುತ್ತಿದ್ದರು. ಡೈಮ್ಲರನ ಕಂಪನಿಯು 1896ರಲ್ಲಿ ಲಾರಿಯನ್ನೂ ಮಾಡಿತು. ಬೆಂಜ್ ಮತ್ತು ಡೈಮ್ಲರ್ ಎಂದೂ ಜೊತೆಗೂಡಿ ದುಡಿದವರಲ್ಲ. ಇಬ್ಬರ ಕಂಪನಿಗಳೂ ಪರಸ್ಪರ ಸ್ಪರ್ಧಿಗಳಾಗಿದ್ದವು. ಹಾಗಾದರೆ ಈ 'ಮರ್ಸಿಡಿಸ್' ಯಾರು? ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿಯ ಮಗಳು. 1900ರಲ್ಲಿ ಡೈಮ್ಲರ್ ಕಂಪನಿಯಿಂದ ಒಮ್ಮೆಗೇ 36 ಕಾರುಗಳನ್ನು ಕೊಳ್ಳಲು ಒಪ್ಪಿದ ಈತನು, ಹೊಸ ಎಂಜಿನ್ನಿಗೆ ತನ್ನ ಪುಟ್ಟ ಮಗಳ ಹೆಸರಿಡಬೇಕೆಂದು ಕೇಳಿದನು. ಆಗ ಹುಡುಗಿಗೆ ಹತ್ತು ಹನ್ನೊಂದು ವರ್ಷ. ಮೂರು ಮೊನೆಯ ನಕ್ಷತ್ರವನ್ನು ಕಂಪನಿಯು 1909ರಲ್ಲಿ ತನ್ನ ಮುದ್ರೆಯಾಗಿ ನೋಂದಾಯಿಸಿತು. ನೆಲ, ಜಲ, ಆಕಾಶ ಈ ಮೂರರಲ್ಲಿಯೂ ತನ್ನ ಎಂಜಿನ್ನುಗಳು ಓಡಲಿ ಎಂಬುದು ಅದರ ಅರ್ಥ. ಮೊದಲ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಹಣಕ್ಕೆ ಬೆಲೆಯಿಲ್ಲದಂತಾದಾಗ ಎರಡೂ ಕಂಪನಿಗಳು ತತ್ತರಿಸಿ, ಕೊನೆಗೆ 1926ರಲ್ಲಿ ಒಂದಾದವು. ಹೀಗೆ ಡೈಮ್ಲರ್-ಬೆಂಜ್ ಎಂಬ ಕಂಪನಿಯೂ ಮರ್ಸಿಡಿಸ್-ಬೆಂಜ್ ಎಂಬ ಗಾಡಿಯ ಹೆಸರೂ ಹುಟ್ಟಿದವು.

ನಮ್ಮ ಕಥೆಗೆ ಕಾರಿಗಿಂತ ಮುಖ್ಯವಾದುದು ಡೀಸೆಲ್ ಎಂಜಿನ್ನು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಗಾಳಿಯನ್ನು ಥಟ್ಟನೆ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನೊಳಗೆ ಗಾಳಿಯನ್ನು ಅದರ ಗಾತ್ರದ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮುತ್ತಾರೆ. ಆಗ ಅದರ ಉಷ್ಣತೆ 500 ಡಿಗ್ರಿಯನ್ನು ದಾಟುತ್ತದೆ. ಆ ಬೆಂಕಿಯಂಥ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸಬೇಕಾಗಿಲ್ಲ. ಹೆಚ್ಚು ಒತ್ತಡದಲ್ಲಿ ಉರಿಯುವುದರಿಂದ ಅಷ್ಟೇ ಎಣ್ಣೆಯಲ್ಲಿ ಹೆಚ್ಚು ಕೆಲಸ ನಡೆಯುತ್ತದೆ. ಈ ತತ್ತ್ವವನ್ನು ಕಂಡುಹಿಡಿದವನು ರುಡಾಲ್ಫ್ ಡೀಸೆಲ್. ಆದರೆ ಅವನ ಎಂಜಿನ್ನು ಮನೆಯಷ್ಟು ಭಾರವಾಗಿ ಕಾರ್ಖಾನೆಯ ನೆಲಕ್ಕೆ ಅಂಟಿಕೊಂಡಿತ್ತು. ಅದನ್ನು ಗಾಡಿಗೆ ತಕ್ಕಂತೆ ಚಿಕ್ಕದಾಗಿಸುವ ಹಾದಿಯನ್ನು ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ ತೋರಿಸಿದನು. ಎಣ್ಣೆಯು ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿ, ಅಲ್ಲಿಂದ ದೊಡ್ಡ ಕೋಣೆಗೆ ನುಗ್ಗುವಂತೆ ಮಾಡಿದ ಉಪಾಯವದು. 1923ರಲ್ಲಿ ಬೆಂಜ್ ಕಂಪನಿಯ ಡೀಸೆಲ್ ಲಾರಿ ಸಿದ್ಧವಾಯಿತು.

ಮುಂದಿನ ಅಧ್ಯಾಯವನ್ನು ಬಿಟ್ಟುಬಿಡಲು ನಮಗೆ ಮನಸ್ಸಿಲ್ಲ, ಹೇಳಲು ಸಂತೋಷವೂ ಇಲ್ಲ. ಹಿಟ್ಲರನ ಆಳಿಕೆಯಲ್ಲಿ ಈ ಕಂಪನಿಯು ಯುದ್ಧದ ಲಾರಿಗಳನ್ನೂ ವಿಮಾನದ ಎಂಜಿನ್ನುಗಳನ್ನೂ ತಯಾರಿಸಿ ಬೆಳೆಯಿತು. 1944ರ ಹೊತ್ತಿಗೆ ಅದರ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಲವಂತದಿಂದ ಎಳೆದುತಂದವರು, ಯುದ್ಧಕೈದಿಗಳು, ಸೆರೆಶಿಬಿರಗಳ ನಿರ್ಭಾಗ್ಯರು. ಕಂಪನಿಯೇ ಮುಂದೆ ಇದನ್ನು ಒಪ್ಪಿಕೊಂಡು, ಅಂಥವರಿಗೆ ಪರಿಹಾರ ನೀಡಲು ಸ್ಥಾಪಿತವಾದ ನಿಧಿಯಲ್ಲಿ ಪಾಲುಗೊಂಡಿತು. ಹೊಳೆಯುವ ನಕ್ಷತ್ರವನ್ನು ನೋಡುವಾಗ ಈ ಕಪ್ಪನ್ನೂ ನೋಡಬೇಕಾಗುತ್ತದೆ. ಯುದ್ಧ ಮುಗಿಯುವ ಹೊತ್ತಿಗೆ ಬಾಂಬಿನ ಮಳೆಗೆ ಸಿಕ್ಕ ಕಾರ್ಖಾನೆಗಳು ಹಾಳುಬಿದ್ದಿದ್ದವು.

ಇನ್ನು ಮುಂಬಯಿಗೆ ಬರೋಣ. ಸ್ವಾತಂತ್ರ್ಯಕ್ಕೆ ಮೊದಲು ಶಿವಡಿಯಲ್ಲಿ ಅಮೆರಿಕೆಯ ಜನರಲ್ ಮೋಟಾರ್ಸ್ ಕಂಪನಿಯು 1928ರಿಂದ ಹೊರದೇಶದ ಭಾಗಗಳನ್ನು ತಂದು ಕಾರು ಲಾರಿಗಳನ್ನು ಜೋಡಿಸುತ್ತಿತ್ತು. ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯಿಂದ ಗಾಡಿಗಳು ಹೊರಬೀಳತೊಡಗಿದವು. ಬರಿಯ ಜೋಡಣೆ ಸಾಲದು, ಭಾಗಗಳನ್ನು ಈ ನೆಲದಲ್ಲಿಯೇ ತಯಾರಿಸಬೇಕೆಂದು 1953ರಲ್ಲಿ ಸರ್ಕಾರವು ಹಟ ಹಿಡಿಯಿತು. ಮರುವರ್ಷ ಜನರಲ್ ಮೋಟಾರ್ಸ್ ಶಿವಡಿಯ ಕೆಲಸವನ್ನು ಮುಚ್ಚಿತು. ಅದೇ 1954ರಲ್ಲಿಯೇ ಟಾಟಾ ಸಂಸ್ಥೆ ಆ ಕೆಲಸಕ್ಕೆ ಕೈಹಾಕಿತು.

ಫೋರ್ಟಿನಲ್ಲಿ ಫ್ಲೋರಾ ಫೌಂಟನಿನ ಸಮೀಪದಲ್ಲಿರುವ ಬಾಂಬೆ ಹೌಸ್ ಎಂಬ ಕಲ್ಲಿನ ಕಟ್ಟಡವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದೇ ಟಾಟಾ ಸಂಸ್ಥೆಗಳ ಕೇಂದ್ರ ಕಚೇರಿ. ಅವರ ಟೆಲ್ಕೊ ಕಂಪನಿ 1945ರಲ್ಲಿ ಹುಟ್ಟಿದ್ದು ರೈಲಿನ ಉಗಿ ಎಂಜಿನ್ನುಗಳನ್ನು ಮಾಡುವುದಕ್ಕೆ, ಜಮ್‌ಶೆಡ್‌ಪುರದಲ್ಲಿ. ಇದನ್ನು ನಡೆಸಿದವರು ಮುಂಬಯಿಯಲ್ಲಿಯೇ ಹುಟ್ಟಿದ ಸುಮಂತ ಮೂಳಗಾಂವಕರ ಎಂಬ ಎಂಜಿನಿಯರು. ಮುಂದೆ ಬಂದ 'ಸುಮೊ' ಗಾಡಿಯ ಹೆಸರು ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಆದುದು. ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಡೈಮ್ಲರ್-ಬೆಂಜಿಗೆ ಹೊಸ ಮಾರುಕಟ್ಟೆ ಬೇಕಾಗಿತ್ತು. ನಮಗೆ ವಿದ್ಯೆ ಬೇಕಾಗಿತ್ತು. ಹದಿನೈದು ವರ್ಷಗಳ ಒಪ್ಪಂದವಾಯಿತು. 1954ರ ಕೊನೆಯಲ್ಲಿ ಜಮ್‌ಶೆಡ್‌ಪುರದಿಂದ ಮೊದಲ ಲಾರಿಗಳು ಹೊರಬಂದವು. ಅವುಗಳ ಹೆಸರು 'ಟಾಟಾ ಮರ್ಸಿಡಿಸ್-ಬೆಂಜ್'. ಚಾಚಿದ ಮೂತಿಯ ಮುಂಭಾಗದಲ್ಲಿ ಮೂರು ಮೊನೆಯ ಅದೇ ನಕ್ಷತ್ರ!

ಅಂದರೆ, ವಿದ್ಯಾರ್ಥಿಗಳೇ, ಆ ಹುಡುಗನ ಅಜ್ಜ ಓಡಿಸಿದ್ದು ಬೆಂಜ್ ಗಾಡಿಯೇ. ತಪ್ಪು ನಮ್ಮ ಕೆಂಪು ಶಾಯಿಯದು.

ಇದು ತಿಳಿದ ಮೇಲೆ ನಾವು ಆ ಹಿರಿಯರನ್ನು ಕಾಣಲು ಧಾರಾವಿಯ ಅವರ ಮನೆಗೆ ಹೋದೆವು. ಎಂಬತ್ತು ದಾಟಿದ್ದರೂ ಮಾತು ಖಣಿಲ್ ಎನ್ನುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡು ಬೆಳಗಾವಿ, ಕೊಲ್ಲಾಪುರ, ಸಾತಾರಾ, ಪುಣೆ ಹಾದು ಮಸೀದಿ ಬಂದರಿನ ಪೇಟೆಗೆ ಬರುತ್ತಿದ್ದರಂತೆ. "ಪೆಟ್ರೋಲ್ ಗಾಡಿ ಇದ್ದ ಮಾಲಕರು ದಾರಿಯುದ್ದಕ್ಕೂ ಎಣ್ಣೆ ಲೆಕ್ಕಾ ಹಾಕತಿದ್ರು ಮಾಸ್ತರ. ನಮ್ಮ ಮಾಲಕರು ನಿದ್ದಿ ಮಾಡತಿದ್ರು" ಎಂದು ನಕ್ಕರು. ಏರಿನಲ್ಲಿ ಸಣ್ಣ ಗೇರು ಹಾಕಿದರೆ ಆಮೆಯಂತೆ ತೆವಳಿದರೂ ಗಾಡಿ ನಿಲ್ಲುತ್ತಿರಲಿಲ್ಲವಂತೆ. ಖಂಡಾಳಾ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬದೆ ಅದೇ ಸಣ್ಣ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದ ಗಾಡಿಯನ್ನು ತಡೆಯಬೇಕೆಂಬುದು ಉಸ್ತಾದರು ಕಲಿಸಿದ ಮೊದಲ ಪಾಠವಂತೆ. ಕ್ಲೀನರನಾಗಿದ್ದಾಗ ದಿನ ಬೆಳಗಾದರೆ ಒದ್ದೆ ಬಟ್ಟೆಯಿಂದ ಆ ನಕ್ಷತ್ರವನ್ನು ಒರೆಸುವುದು ಅವರ ಪಾಲಿನ ಕೆಲಸ. ಅದು ಯಾವ ದೇಶದ ಗುರುತೆಂದು ಆಗ ಅವರಿಗೆ ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಬೀಳಲಿಲ್ಲ.

ಕಾರು ಕೊಂಡವರು ಕೆಲವೇ ಮಂದಿ. ಆ ಕಾಲದ ಹಳ್ಳಿಯ ಜನ ಅದನ್ನು ಕಂಡವರೂ ಅಲ್ಲ. ನಮ್ಮ ನಾಡಿನಲ್ಲಿ 'ಬೆಂಜ್' ಎಂಬುದಕ್ಕೆ ಗಟ್ಟಿತನವೆಂಬ ಅರ್ಥವನ್ನು ತಂದುಕೊಟ್ಟವು ಈ ಲಾರಿಗಳೇ ಎಂದು ನಮಗೆ ತೋರುತ್ತದೆ. ಹೊರಲಾರದಷ್ಟು ಹೊರೆ ಹೇರಿದರೂ ಹೊತ್ತವು. ಕೆಟ್ಟರೆ ಹಾದಿಬದಿಯ ಮಿಸ್ತ್ರಿಯ ಕೈಯಲ್ಲಿಯೇ ರಿಪೇರಿಯಾದವು. ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಭಾಗಗಳು ಇಲ್ಲಿಯೇ ತಯಾರಾದವು. 1961ರಲ್ಲಿ ಟೆಲ್ಕೊ ಲಾರಿಗಳು ಸಿಂಹಳಕ್ಕೆ ರಫ್ತಾದವು. ಕಲಿಯಲು ಹೋದವರು ಏಳೇ ವರ್ಷದಲ್ಲಿ ಹೊರದೇಶಕ್ಕೆ ಮಾರುವವರಾದರು!

1969ರಲ್ಲಿ ಒಪ್ಪಂದ ಮುಗಿಯಿತು. ನಕ್ಷತ್ರವನ್ನು ತೆಗೆದು ಆ ಜಾಗದಲ್ಲಿ ವರ್ತುಲದೊಳಗೆ ಆಂಗ್ಲ ಭಾಷೆಯ 'ಟಿ' ಅಕ್ಷರವನ್ನು ಕೂರಿಸಿದರು. ಮೂತಿ ಅದೇ, ಎಂಜಿನ್ನಿನ ವಂಶವೂ ಅದೇ. ಜನ ಮಾತ್ರ ಮೊದಲಿನಂತೆಯೇ 'ಬೆಂಜ್' ಎಂದರು. ನಾವು ಊರಿನಲ್ಲಿ ಕೇಳಿದ ಮಾತು ಬಹುಶಃ ಈ ಎರಡನೆಯ ಬಗೆಯ ಲಾರಿಗಳದು.

ಮುಂದಿನದು ನಿಮಗೆ ಬಹುಮಟ್ಟಿಗೆ ಗೊತ್ತಿರುವ ಕಥೆ. 1994ರಲ್ಲಿ ಜರ್ಮನ್ ಕಂಪನಿ ಟೆಲ್ಕೊದ ಜೊತೆಗೂಡಿಯೇ ಪುಣೆಗೆ ಮರಳಿ ಬಂತು, ಈ ಸಲ ಕಾರು ಮಾಡಲು. 2009ರಲ್ಲಿ ಚಾಕಣದಲ್ಲಿ ಸ್ವಂತ ಕಾರ್ಖಾನೆ ತೆರೆಯಿತು. ಟೆಲ್ಕೊ 2003ರಲ್ಲಿ ಟಾಟಾ ಮೋಟಾರ್ಸ್ ಆಗಿತ್ತು. ಅದರಲ್ಲಿ ತನಗಿದ್ದ ಷೇರುಗಳನ್ನು ಡೈಮ್ಲರ್ 2010ರಲ್ಲಿ ಮಾರಿ ಕೈತೊಳೆದುಕೊಂಡಿತು. ಎರಡೇ ವರ್ಷಕ್ಕೆ, 2012ರಲ್ಲಿ, ಚೆನ್ನೈ ಬಳಿ ಟಾಟಾದವರಿಗೆ ಎದುರಾಳಿಯಾಗಿ ಲಾರಿ ಮಾಡತೊಡಗಿತು. ಅವಕ್ಕೆ ಇಟ್ಟ ಹೆಸರು 'ಭಾರತ್‌ಬೆಂಜ್'. ನಮ್ಮ ಚಾಲಕರ ನಾಲಗೆಯ ಮೇಲೆ ನಿಂತದ್ದು ಡೈಮ್ಲರೂ ಅಲ್ಲ, ಮರ್ಸಿಡಿಸೂ ಅಲ್ಲ ಎಂಬುದನ್ನು ಕಂಪನಿಯೂ ಬಲ್ಲದು ಎಂದು ನಮ್ಮ ಊಹೆ. ಅತ್ತ, ಡೀಸೆಲ್ ಕಾರುಗಳ ಹೊಗೆಯ ಪರೀಕ್ಷೆಯಲ್ಲಿ ಮೋಸವಾಗಿದೆಯೆಂಬ ಆರೋಪದ ಮೇಲೆ 2020ರಲ್ಲಿ ಅಮೆರಿಕೆಯ ಸರ್ಕಾರದೊಡನೆ ಸುಮಾರು 150 ಕೋಟಿ ಡಾಲರಿಗೆ ರಾಜಿ ಮಾಡಿಕೊಳ್ಳಬೇಕಾಗಿ ಬಂತು. ಯಾವ ಡೀಸೆಲ್ ಹೆಸರು ತಂದಿತ್ತೋ ಅದೇ ಡೀಸೆಲ್ಲಿನಿಂದ ಅಪಕೀರ್ತಿ!

ಆ ಹುಡುಗನ ಪುಸ್ತಕವನ್ನು ಮತ್ತೆ ತರಿಸಿಕೊಂಡು, ನಾವು ಹೊಡೆದುಹಾಕಿದ್ದ ಪದವನ್ನು ನಮ್ಮ ಕೈಯಿಂದಲೇ ಪುನಃ ಬರೆದು, ಇಡೀ ತರಗತಿಗೆ ಓದಿ ಹೇಳಿದೆವು. ಹುಡುಗನು ಅದನ್ನು ಅಜ್ಜನಿಗೆ ತೋರಿಸಿದನಂತೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಮಾಸ್ತರರು ಲಾರಿಯ ನಂಬರನ್ನೂ ಬರೆಯಬೇಕಾಗಿತ್ತು ಎಂದು ಹೇಳಿ, ಅರುವತ್ತು ವರ್ಷದ ಹಿಂದಿನ ಆ ನಂಬರನ್ನು ತಡವರಿಸದೆ ಹೇಳಿದರಂತೆ.