ಗಲ್ಲಾಪೆಟ್ಟಿಗೆಯ ಪಕ್ಕದ ಗಟ್ಟಿ ಗಂಟಲು

ಬೆಂಗಳೂರಿನ ಯಾವ ಬೇಕರಿ ಮುಂದೆ ನಿಂತರೂ ಈಗ ಒಂದು ಹೊಸ ಭಂಗಿ ನೋಡಲು ಸಿಗುತ್ತದೆ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು, ಕಿವಿ ಮಾತ್ರ ಗಲ್ಲಾದ ಪಕ್ಕದ ಪುಟ್ಟ ಪೆಟ್ಟಿಗೆಯ ಕಡೆ. "ಹೋಯ್ತು ಅಣ್ಣ." "ಬಂದಿಲ್ವಲ್ಲ ಸರ್." "ನೋಡಿ, ಹಸಿರು ಟಿಕ್ ಬಂದಿದೆ." "ಇರ್ಲಿ ಸರ್, ಅದು ಹೇಳ್ಲಿ." ಪೆಟ್ಟಿಗೆ ಬಾಯಿ ಬಿಟ್ಟು "ಇಪ್ಪತ್ತು ರೂಪಾಯಿ" ಎನ್ನುವ ತನಕ ಗಿರಾಕಿ ಜಾಮೀನಿನ ಮೇಲೆ ಹೊರಗಿರುವ ಆಸಾಮಿ. ಅಂದ ಕೂಡಲೇ ಗೌರವಾನ್ವಿತ ನಾಗರಿಕ.

ಆ ನಾಲ್ಕಾರು ಸೆಕೆಂಡುಗಳಲ್ಲಿ ನಡೆಯುವ ಕೆಲಸ ಸಣ್ಣದಲ್ಲ. ನೀವು ಪಿನ್ ಒತ್ತಿದಾಗ ಸೂಚನೆ ನಿಮ್ಮ ಆ್ಯಪ್‌ನಿಂದ ಅದರ ಹಿಂದಿರುವ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರು ಮಾಡಿದ ಸಂಸ್ಥೆ ಇದೇ. ಎನ್‌ಪಿಸಿಐ ನಿಮ್ಮ ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ದುಡ್ಡಿದೆಯೇ ಎಂದು ನೋಡಿ ಕಳೆಯುತ್ತದೆ. ಆಮೇಲೆ ಎನ್‌ಪಿಸಿಐ ಅಂಗಡಿಯ ಬ್ಯಾಂಕಿಗೆ ಹೇಳಿ ಅಲ್ಲಿ ಜಮಾ ಮಾಡಿಸುತ್ತದೆ. ಆಯಿತು ಎಂಬ ಉತ್ತರ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಈ ಸರಪಳಿಯಲ್ಲಿ ಯಾರೊಬ್ಬರು ಆಕಳಿಸಿದರೂ ನಿಮ್ಮ ಪರದೆಯ ಮೇಲೆ ಚಕ್ರ ತಿರುಗುತ್ತದೆ; ಬೈಗುಳ ಬೀಳುವುದು ಮಾತ್ರ ಬೇಕರಿಯವರ ನೆಟ್‌ವರ್ಕಿಗೆ.

ಪೆಟ್ಟಿಗೆಯ ಪಾಲು ಬರುವುದು ಕೊನೆಯಲ್ಲಿ. ಅದು ಅಂಗಡಿಯವರ ಫೋನಿಗೆ ಜೋತುಬಿದ್ದಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಸಾಮಾನ್ಯವಾಗಿ ಅದರ ಹೊಟ್ಟೆಯಲ್ಲೇ ಒಂದು ಸಿಮ್ ಇರುತ್ತದೆ, ಬ್ಯಾಟರಿ ಇರುತ್ತದೆ. ಪೇಮೆಂಟ್ ಕಂಪನಿಯ ಸರ್ವರ್ ನೇರವಾಗಿ ಅದಕ್ಕೇ ಸುದ್ದಿ ಮುಟ್ಟಿಸುತ್ತದೆ. ಮಾಲೀಕರು ಫೋನನ್ನು ಮನೆಯಲ್ಲಿ ಮರೆತು ಬಂದಿದ್ದರೂ ಅದು ಕೂಗುತ್ತದೆ. ಮೊದಲೇ ತುಂಬಿಟ್ಟ ದನಿಯ ತುಣುಕುಗಳನ್ನು ಜೋಡಿಸಿ ಹೇಳುವ ಪೆಟ್ಟಿಗೆಗಳಲ್ಲಿ "ನೂರಾ… ಇಪ್ಪತ್ತು… ರೂಪಾಯಿ" ಎಂಬ ಎಳೆತ ಕೇಳಿಸುತ್ತದೆ. ಬೆಂಗಳೂರಿನದೇ ಆದ ಫೋನ್‌ಪೇ ತನ್ನ ಪೆಟ್ಟಿಗೆಗೆ ಕಿಚ್ಚ ಸುದೀಪ್ ದನಿಯನ್ನೂ ಕೊಟ್ಟಿತು. ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟಿಗೆ ಸಿನಿಮಾ ಹೀರೋ ರಸೀದಿ ಓದುವ ಕಾಲ ಬಂದೀತೆಂದು ಯಾರೂ ಎಣಿಸಿರಲಿಕ್ಕಿಲ್ಲ.

ಈ ಕೂಗುಮಾರಿ ಹುಟ್ಟಿದ್ದು ನಮ್ಮ ಗುಣದಿಂದಲೇ. ದೋಸೆ ಹಿಟ್ಟಿನ ಕೈಯಲ್ಲಿ ಮಾಲೀಕರು ಮೆಸೇಜು ತೆರೆದು ನೋಡಲಾರರು ಎಂಬುದು ಗಿರಾಕಿಗಳಿಗೆ ಗೊತ್ತಿತ್ತು. ಕೆಲವರು ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೊರಟರು. ಇನ್ನು ಕೆಲವರು ದುಡ್ಡು ಹೋದಂತೆ ನಟಿಸುವ ನಕಲಿ ಆ್ಯಪನ್ನೇ ಇಟ್ಟುಕೊಂಡರು. ಇದಕ್ಕೆ ಮದ್ದಾಗಿ ಪೇಟಿಎಂ 2019ರಲ್ಲಿ ಸೌಂಡ್‌ಬಾಕ್ಸ್ ಎಂಬ ಈ ಪೆಟ್ಟಿಗೆ ತಂದಿತು, ಉಳಿದವರು ಹಿಂಬಾಲಿಸಿದರು. ಕಂಪನಿಗಳಿಗೂ ಇದು ಬೇಕಿತ್ತು. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಯ ಮೇಲೆ ಅಂಗಡಿಯವರಿಂದ ಕಮಿಷನ್ ವಸೂಲಿ ಮಾಡುವಂತಿಲ್ಲ. ಹಾಗಾಗಿ ಪೆಟ್ಟಿಗೆಯ ತಿಂಗಳ ಬಾಡಿಗೆ, ವಹಿವಾಟು ನೋಡಿ ಕೊಡಿಸುವ ಸಾಲ, ಇವು ಅವರಿಗೆ ಆದಾಯದ ದಾರಿ. ಒಂದೊಂದು ಕಂಪನಿಯ ಪೆಟ್ಟಿಗೆ ತನ್ನ ಕ್ಯೂಆರ್‌ಗೆ ಬಿದ್ದ ದುಡ್ಡನ್ನು ಮಾತ್ರ ಸಾರುತ್ತದೆ. ನೀವು ಯಾವ ಆ್ಯಪ್‌ನಿಂದ ಕಳಿಸಿದರೂ ನಡೆಯುತ್ತದೆ, ಯಾವ ಕಂಪನಿಯ ಸ್ಟಿಕ್ಕರ್ ಸ್ಕ್ಯಾನ್ ಮಾಡಿದಿರಿ ಎಂಬುದೇ ಲೆಕ್ಕ. ಕೆಲವು ಅಂಗಡಿಗಳಲ್ಲಿ ಮೂರು ಪೆಟ್ಟಿಗೆ ಸಾಲಾಗಿ ಕೂತು, ಸಂಜೆ ಆರರ ಹೊತ್ತಿಗೆ ಸವತಿಯರಂತೆ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುವುದೂ ಇದರಿಂದಲೇ.

ಆ ಸ್ಟಿಕ್ಕರಿನ ಮೇಲೆ ಸಾಂಬಾರು ಚೆಲ್ಲಿರುತ್ತದೆ, ಅಂಚು ಹರಿದಿರುತ್ತದೆ, ಆದರೂ ಸ್ಕ್ಯಾನ್ ಆಗುತ್ತದೆ. ಜಪಾನಿನ ಡೆನ್ಸೋ ವೇವ್ ಕಂಪನಿ 1994ರಲ್ಲಿ ಕ್ಯೂಆರ್ ಕೋಡ್ ತಂದದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯ ಎಣ್ಣೆ, ಧೂಳಿಗೆ ಜಗ್ಗಬಾರದೆಂದು ಅದರಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಇಟ್ಟರು; ಅತಿ ಗಟ್ಟಿ ಮಟ್ಟದಲ್ಲಿ ಸುಮಾರು ಶೇ. 30ರಷ್ಟು ಭಾಗ ಕೆಟ್ಟರೂ ಓದಬಹುದು. ಆದರೆ ಮೂರು ಮೂಲೆಯ ಚೌಕಗಳ ತಂಟೆಗೆ ಹೋಗಬೇಡಿ. ಕ್ಯಾಮೆರಾ ಕೋಡನ್ನು ಗುರುತು ಹಿಡಿಯುವುದೇ ಅವುಗಳಿಂದ. ಸಾಂಬಾರು ನಡುವೆ ಚೆಲ್ಲಲಿ, ಮೂಲೆಗೆ ಬೇಡ.

ಇನ್ನು ಸಾಮಾಜಿಕ ಪರಿಣಾಮ. ಮೊದಲು ದುಡ್ಡು ಕೈಯಿಂದ ಕೈಗೆ ಗುಟ್ಟಾಗಿ ಹೋಗುತ್ತಿತ್ತು, ಈಗ ಡಂಗುರ. ಪಕ್ಕದವರಿಗೆ ಐವತ್ತಕ್ಕೆ ಕೊಟ್ಟ ಬೀನ್ಸನ್ನು ನಿಮಗೆ ನಲವತ್ತಕ್ಕೆ ಕೊಟ್ಟರೆ ಪೆಟ್ಟಿಗೆ ಮಾರ್ಕೆಟ್ಟಿಗೆಲ್ಲ ಸಾರಿಬಿಡುತ್ತದೆ. ಅದು ಮೊತ್ತ ಹೇಳುತ್ತದೆ, ಕೊಟ್ಟವರ ಹೆಸರು ಹೇಳುವುದಿಲ್ಲ. ಹಾಗಾಗಿ ಇಬ್ಬರು ಒಟ್ಟಿಗೆ ಇಪ್ಪತ್ತಿಪ್ಪತ್ತು ಕೊಡಬೇಕಾದಾಗ ಒಂದೇ ಕೂಗಿಗೆ ಇಬ್ಬರೂ "ನಂದೇ" ಎಂದು ಹೊರಟುಬಿಡುವ ಅವಕಾಶವಿದೆ. ಅನುಭವಸ್ಥ ಅಂಗಡಿಯವರು ಎರಡನೇ ಕೂಗಿನ ತನಕ ಯಾರ ಮುಖವನ್ನೂ ಬಿಡುವುದಿಲ್ಲ.

ಹೆಸರು ಕಾಣುವುದು ನಿಮ್ಮ ಪರದೆಯಲ್ಲಿ, ಅಲ್ಲಿ ಬೇರೆ ನಾಟಕ. ಬೋರ್ಡಿನಲ್ಲಿ ಮಂಜುನಾಥ ಟೀ ಸ್ಟಾಲ್, ಫೋನಿನಲ್ಲಿ ಲಕ್ಷ್ಮಮ್ಮ. "ಲಕ್ಷ್ಮಮ್ಮ ಅಂತ ಬರ್ತಿದೆ?" "ಹ್ಞೂಂ ಸರ್, ನಮ್ಮ ಮನೆಯವ್ರು, ಹಾಕಿ." ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ಎನ್‌ಪಿಸಿಐ 2025ರಲ್ಲಿ ನಿಯಮ ಮಾಡಿದೆ. ಹೆಸರು ಬೇರೆ ಕಂಡರೆ ಕೇಳಲು ನಾಚಬೇಡಿ. ಅಂಗಡಿಯ ಸ್ಟಿಕ್ಕರಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ಪುಣ್ಯಾತ್ಮರು ಸಿಕ್ಕಿಬೀಳುವುದೇ ಹೀಗೆ.

ಯುಪಿಐ ಬಂದ ಮೇಲೆ, ಚಿಲ್ಲರೆಯ ಬದಲು ಕೈಗೆ ತುರುಕುತ್ತಿದ್ದ ಚಾಕೊಲೇಟು ಹೆಚ್ಚುಕಡಿಮೆ ಕಣ್ಮರೆಯಾಯಿತು. ಮಂಗಳಾರತಿ ತಟ್ಟೆ ಬಂದಾಗ ಜೇಬು ತಡವಿ "ಚಿಲ್ಲರೆ ಇಲ್ಲ" ಎನ್ನುವ ಹಳೆಯ ಉಪಾಯಕ್ಕೂ ಕುತ್ತು ಬಂತು. ಹುಂಡಿಯ ಪಕ್ಕ ಕ್ಯೂಆರ್ ನಿಂತಿದೆ. ಲೆಕ್ಕ ಉಳಿಯುವುದು ಎಲ್ಲರಿಗೂ ಹಿತವಲ್ಲ ಎಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಗೂಡಂಗಡಿಗಳಲ್ಲಿ ಸ್ಟಿಕ್ಕರ್ ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ಬಂತು. ಗಿರಾಕಿಗಳು ಎಟಿಎಂ ಎಲ್ಲಿದೆ ಎಂದು ಹುಡುಕಾಡಿದರು.

ಪೆಟ್ಟಿಗೆ ಸುಮ್ಮನಿದ್ದರೆ ಏನು ಮಾಡಬೇಕು? ಮೊದಲು, ಎರಡನೇ ಸಲ ಕಳಿಸಬೇಡಿ. ಪಾವತಿ ಯಶಸ್ವಿ ಎಂದು ನಿಮ್ಮ ಆ್ಯಪ್ ತೋರಿಸುತ್ತಿದ್ದರೆ ಅದರಲ್ಲಿ 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ. ಅಂಗಡಿಯವರು ತಮ್ಮ ಆ್ಯಪ್ ತೆರೆದು ತಾಳೆ ನೋಡಲಿ. ಪೆಟ್ಟಿಗೆಯ ಸಿಗ್ನಲ್ ಹೋಗಿರಬಹುದು, ದುಡ್ಡು ಬಂದಿರಬಹುದು. ‘ಪೆಂಡಿಂಗ್’ ಎಂದಿದ್ದರೆ ಜಗಳ ಬೇಡ, ನಗದು ಕೊಟ್ಟು ಹೊರಡಿ. ಖಾತೆಯಿಂದ ಕಳೆದು ಅಂಗಡಿಗೆ ಖಾತ್ರಿ ಸಿಗದ ಯುಪಿಐ ಪಾವತಿಯನ್ನು ಐದು ದಿನದೊಳಗೆ ತಾನಾಗಿ ವಾಪಸ್ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸಿಕ್ಕಿಹಾಕಿಕೊಂಡದ್ದು ಹತ್ತು ರೂಪಾಯಿಯ ಟೀ ದುಡ್ಡಾದರೂ ಅದೇ ದರ.