ಮೇಜಿನಿಂದ ಬಾವಿಕಟ್ಟೆಗೆ

ರಾಮದುರ್ಗದ ಕಡೆಯ ಒಂದು ಹೊಲ. ಈ ವಾರ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ ಎರಡಕ್ಕೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ಎಂಬುದು ಸರ್ಕಾರದ ಮಾತು. ಯಾವ ಏಳು ತಾಸು ಎಂಬುದು ಹೆಸ್ಕಾಂ ಫೀಡರಿನ ಮಾತು. ರೈತ ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಬದುವಿನ ಮೇಲೆ ನಡೆದು, ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿ ಒತ್ತಿ ಮನೆಗೆ ಬರುತ್ತಾನೆ. ಅರ್ಧ ತಾಸಿಗೆ ಕರೆಂಟ್ ಹೋಗಿ ಬಂದರೆ ಮತ್ತೆ ಅದೇ ನಡಿಗೆ.

ಈ ನಡಿಗೆಯನ್ನು ತಪ್ಪಿಸಲು ಹುಟ್ಟಿದ್ದು ಮೊಬೈಲ್ ಸ್ಟಾರ್ಟರ್. ನಮ್ಮ ನೆರೆಯ ಪುಣೆಯಲ್ಲಿ ಸಂತೋಷ್ ಒಸ್ತ್ವಾಲ್ ಎಂಬ ಎಂಜಿನಿಯರ್ ಮಾಡಿದ ‘ನ್ಯಾನೊ ಗಣೇಶ್’ ಎಂಬ ಸಾಧನಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಜಾಗತಿಕ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಮೇಲೆ ಇಂಥ ಡಬ್ಬಿಗಳು ಹಲವು ಹೆಸರಿನಲ್ಲಿ ಬಂದಿವೆ. ಒಳಗೆ ಇರುವುದು ಇಷ್ಟೆ: ಒಂದು ಮೈಕ್ರೊಕಂಟ್ರೋಲರ್, ಸಿಮ್ ಹಾಕಿದ ಒಂದು ಮೋಡೆಮ್, ಒಂದೆರಡು ರಿಲೇ, ಮೂರು ಫೇಸಿನ ವೋಲ್ಟೇಜು ಮತ್ತು ಕರೆಂಟನ್ನು ಅಳೆಯುವ ಸಣ್ಣ ಸರ್ಕಿಟ್. ಈ ಅಧ್ಯಾಯಕ್ಕೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೈಲಹೊಂಗಲದ ಹುಡುಗನೊಬ್ಬ ಇಂಥದ್ದೊಂದನ್ನು ಮಾಡಿ ಮಾರಬೇಕು ಎಂದುಕೊಂಡರೆ ಅವನ ಮುಂದೆ ಏನೇನು ಬರುತ್ತದೆ?

ಮೊದಲ ಡಬ್ಬಿ ಅವನಿಗೆ ಕಷ್ಟ ಕೊಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಅಥವಾ ಆನ್‌ಲೈನಿನಿಂದ ಬಿಡಿಭಾಗ ತರಿಸಿ, ಬ್ರೆಡ್‌ಬೋರ್ಡಿನ ಮೇಲೆ ವೈರು ಚುಚ್ಚಿ, ಭಾನುವಾರ ಒಂದೇ ದಿನದಲ್ಲಿ ಓಡಿಸಬಹುದು. ಫೋನು ಮಾಡಿದರೆ ರಿಲೇ ‘ಟಕ್’ ಅನ್ನುತ್ತದೆ. ಮನೆಯವರೆಲ್ಲ ನೋಡಿ ಖುಷಿ ಪಡುತ್ತಾರೆ. ಅಪಾಯ ಇರುವುದು ಈ ‘ಟಕ್’ ಶಬ್ದದಲ್ಲೇ. ಕೆಲಸ ಮುಗಿಯಿತು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ.

ರಿಲೇಯ ಬದಿಗೆ ನಿಜವಾದ ಸ್ಟಾರ್ಟರ್ ಜೋಡಿಸಿದ ಕೂಡಲೇ ಭ್ರಮೆ ಒಡೆಯುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟರಿಗೆ 415 ವೋಲ್ಟಿನ ಒಂದು ಸುರುಳಿ ಇರುತ್ತದೆ. ಅದರ ಕರೆಂಟನ್ನು ಥಟ್ಟನೆ ಕಡಿದರೆ ಸುರುಳಿ ಸುಮ್ಮನಿರುವುದಿಲ್ಲ. ಸಾವಿರಾರು ವೋಲ್ಟಿನ ಕಿರುಸಿಡಿತವನ್ನು ತಂತಿಗೆ ಎಸೆಯುತ್ತದೆ. ಪಕ್ಕದ ಮೈಕ್ರೊಕಂಟ್ರೋಲರ್ 3.3 ವೋಲ್ಟಿನ ಪ್ರಾಣಿ. ಅದು ದಿಕ್ಕು ತಪ್ಪಿ ಮೊದಲಿನಿಂದ ಶುರುವಾಗುತ್ತದೆ, ಇಲ್ಲವೇ ಅಲ್ಲೇ ನಿಂತುಬಿಡುತ್ತದೆ. ಇನ್ನೊಂದು ಕಡೆ ಹಳೆಯ 2ಜಿ ಮೋಡೆಮ್, ಟವರ್ ದೂರವಿದ್ದಾಗ, ಒಂದು ಮಿಲಿಸೆಕೆಂಡಿನ ಸುಮಾರು ಅರ್ಧದಷ್ಟು ಹೊತ್ತು 2 ಆಂಪಿಯರ್ ಎಳೆಯುತ್ತದೆ. ಸರಾಸರಿ ನೋಡಿ ಕೊಂಡ ಚಿಕ್ಕ ಪವರ್ ಸಪ್ಲೈ ಆ ಕ್ಷಣದಲ್ಲಿ ಕುಸಿಯುತ್ತದೆ. ಊರ ನಡುವಿನ ಮನೆಯಲ್ಲಿ ಟವರ್ ಹತ್ತಿರವಿದ್ದದ್ದರಿಂದ ಇದು ಕಾಣಿಸಿರಲೇ ಇಲ್ಲ. ಇವಕ್ಕೆ ಮದ್ದು ಗೊತ್ತಿರುವಂಥದ್ದೇ: ಸುರುಳಿಗೆ ಅಡ್ಡಲಾಗಿ ಸಿಡಿತ ಹೀರುವ ಸ್ನಬರ್, ಒಳಬರುವ ತಂತಿಗೆ ಅತಿ ವೋಲ್ಟೇಜ್ ತಡೆಯುವ ಎಂಒವಿ, ಮೋಡೆಮ್ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್, ಪ್ರೋಗ್ರಾಮ್ ನಿಂತರೆ ತಾನೇ ಎಬ್ಬಿಸುವ ವಾಚ್‌ಡಾಗ್. ಇವೆಲ್ಲ ಚಿಲ್ಲರೆ ಕಾಸಿನ ಭಾಗಗಳು, ಆದರೆ ಹಾಕಲು ಬೋರ್ಡನ್ನು ಮತ್ತೆ ಬಿಡಿಸಬೇಕು. ಎರಡನೆಯ ಬೋರ್ಡು, ಮೂರನೆಯ ಬೋರ್ಡು ಹೀಗೇ ಹುಟ್ಟುವುದು.

ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಓಡುತ್ತಿರುವ ಮೋಟರಿಗೆ ಒಂದು ಫೇಸ್ ತಪ್ಪಿದರೆ ಅದು ಉಳಿದ ಎರಡರಿಂದಲೇ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಅದನ್ನು ತಡೆಯಲು ಮೂರೂ ತಂತಿಯ ವೋಲ್ಟೇಜ್ ನೋಡಿದರೆ ಸಾಕು ಎಂದು ಹುಡುಗ ಎಣಿಸುತ್ತಾನೆ. ಸಾಲದು. ತಿರುಗುತ್ತಿರುವ ಮೋಟರು ತಪ್ಪಿದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಡಬ್ಬಿ ಮೋಸ ಹೋಗುತ್ತದೆ. ಕರೆಂಟನ್ನೂ ಅಳೆಯಬೇಕು. ಕರೆಂಟ್ ಅಳೆದರೆ ಇನ್ನೊಂದು ಲಾಭವೂ ಉಂಟು: ಬೋರಿನಲ್ಲಿ ನೀರು ಮುಗಿದಾಗ ಮೋಟರಿನ ಹೊರೆ ಇಳಿದು ಕರೆಂಟ್ ಕಡಿಮೆಯಾಗುತ್ತದೆ, ಆಗ ಬಂದ್ ಮಾಡಬಹುದು. ಆದರೆ ನಮ್ಮ ಹೊಲಗಳಲ್ಲಿ ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟರ್ ಓಡಿಸುವ ರೂಢಿ ಇದೆ. ಅಲ್ಲಿ ಈ ಜಾಣ ಡಬ್ಬಿ ‘ಫೇಸ್ ಇಲ್ಲ’ ಎಂದು ಹಟ ಹಿಡಿಯುತ್ತದೆ. “ಇದು ಚಾಲೂನ ಆಗವಲ್ದು” ಎಂದು ರೈತ ವೈರು ಕಿತ್ತು ನೇರ ಜೋಡಿಸುತ್ತಾನೆ. ತಪ್ಪು ರೈತನದೋ ಡಬ್ಬಿಯದೋ ಎಂಬ ಚರ್ಚೆ ಬೇರೆ; ಮಾರಿದವನಿಗಂತೂ ಅದು ವಾಪಸು ಬಂದ ಮಾಲು.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳು ಸಾಧನ ಮಾಡುವವನಿಗೆ ಪುಕ್ಕಟೆ ಸಿಕ್ಕ ಪ್ರಯೋಗಶಾಲೆ ಎಂದು ನನಗೆ ಅನ್ನಿಸುತ್ತದೆ. ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರ. ಮುಂಗಾರಿನ ಜಿಟಿಜಿಟಿಗೆ ಬೋರ್ಡಿನ ಮೇಲೆ ತೇವ ಕೂತು ತಾಮ್ರ ಹಸಿರುಗಟ್ಟುತ್ತದೆ, ಹಾಗಾಗಿ ಬೋರ್ಡಿಗೆ ವಾರ್ನಿಶಿನಂಥ ಲೇಪ ಬೇಕು. ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತದೆ. ಸವದತ್ತಿ, ರಾಮದುರ್ಗ ಒಣ ಸೀಮೆ. ಮೇ ತಿಂಗಳ ಬಿಸಿಲಿಗೆ ನಿಂತ ತಗಡಿನ ಡಬ್ಬಿಯ ಒಳಗನ್ನು ಯೋಚಿಸಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೇಲೆ ‘105 ಡಿಗ್ರಿ, 2,000 ಗಂಟೆ’ ಎಂದು ಬರೆದಿರುತ್ತದೆ. ಶಾಖ 10 ಡಿಗ್ರಿ ಇಳಿದಂತೆ ಆಯುಷ್ಯ ಇಮ್ಮಡಿ ಎಂಬುದು ಕಸುಬಿನವರ ಅಂದಾಜು. ಡಬ್ಬಿಯೊಳಗೆ ಸದಾ 65 ಡಿಗ್ರಿ ಇದ್ದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷ ಚಿಲ್ಲರೆ. ಡಬ್ಬಿಯನ್ನು ನೆರಳಿಗೆ ತಂದು 10 ಡಿಗ್ರಿ ಇಳಿಸಿದರೆ ಏಳು ವರ್ಷ. ಒಂದು ಕೆಪಾಸಿಟರಿನ ಬೆಲೆಗಿಂತ ಡಬ್ಬಿಯನ್ನು ಯಾವ ಗೋಡೆಗೆ ಹೊಡೆದಿರಿ ಎಂಬುದು ಮುಖ್ಯವಾಗುವುದು ಹೀಗೆ.

ಎರಿಭೂಮಿಯದು ಇನ್ನೊಂದು ಕಥೆ. ಮಳೆಗಾಲದಲ್ಲಿ ಅದರಷ್ಟು ಒಳ್ಳೆಯ ಅರ್ಥಿಂಗ್ ಇಲ್ಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಮಣ್ಣು ಅರ್ಥಿಂಗ್ ಸರಳನ್ನೇ ಬಿಟ್ಟು ಸರಿಯುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ಬರುವುದು ಸರಿಯಾಗಿ ಆಗಲೇ. ಸರಳಿನ ಬುಡಕ್ಕೆ ಒಂದು ಕೊಡ ನೀರು ಹೊಯ್ಯುವ ಹಿರಿಯರ ಪದ್ಧತಿಯನ್ನು ಡಬ್ಬಿಯ ಜೊತೆ ಕೊಡುವ ಚೀಟಿಯಲ್ಲಿ ಅಚ್ಚು ಹಾಕಿಸಿದರೆ ತಪ್ಪೇನಿಲ್ಲ. ಹಲ್ಲಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಚ್ಚಗಿನ ಡಬ್ಬಿಗೆ ಅದು ಹುಳ ಹುಡುಕಿ ಬರುತ್ತದೆ, ಎರಡು ಫೇಸಿನ ಮೇಲೆ ಕಾಲಿಡುತ್ತದೆ. ವೈರು ಬರುವ ತೂತಿಗೆ ಬಿಗಿ ಗ್ಲ್ಯಾಂಡ್ ಹಾಕದಿದ್ದರೆ ಒಳಗಿನ ಜಾಣತನವೆಲ್ಲ ಒಂದು ಹಲ್ಲಿಗೆ ಬಲಿ.

ಇಷ್ಟಾದರೂ ನಾವಿನ್ನೂ ಒಂದೇ ಡಬ್ಬಿಯ ಹತ್ತಿರ ಇದ್ದೇವೆ. ಸಾವಿರಕ್ಕೆ ಹೋದಾಗ ಲೆಕ್ಕದ ಬಗೆಯೇ ಬೇರೆ. ಬೋರ್ಡಿನ ಮೇಲೆ 120 ಬಿಡಿಭಾಗ ಇವೆ ಎನ್ನಿ. ಪ್ರತಿ ಭಾಗ ಸರಿಯಾಗಿ ಕೂತು ಬೆಸುಗೆಯಾಗುವ ಭರವಸೆ ಸಾವಿರಕ್ಕೆ 999. ಕೇಳಲು ಅದ್ಭುತ. ಆದರೆ 120 ಭಾಗಗಳೂ ಒಟ್ಟಿಗೆ ಸರಿಯಿರುವ ಬೋರ್ಡುಗಳು ನೂರಕ್ಕೆ 89 ಮಾತ್ರ. 11 ಬೋರ್ಡು ರಿಪೇರಿಗೆ. ಯಾವ 11 ಎಂದು ಹುಡುಕಲು ಪ್ರತಿ ಬೋರ್ಡಿಗೂ ಕೈಯಲ್ಲಿ ಮಲ್ಟಿಮೀಟರ್ ಹಿಡಿದು ಕೂರಲಾಗದು. ಅದಕ್ಕೆ ಜಿಗ್ ಬೇಕು: ಬೋರ್ಡನ್ನು ಒತ್ತಿದರೆ ಸ್ಪ್ರಿಂಗಿನ ಮೊಳೆಗಳು ಬೇಕಾದ ಜಾಗಗಳನ್ನು ಮುಟ್ಟಿ, ಪ್ರೋಗ್ರಾಮ್ ತುಂಬಿ, ಅಳೆದು, ಹಸಿರು ಅಥವಾ ಕೆಂಪು ದೀಪ ತೋರಿಸುವ ಮಣೆ. ಮೊಳೆ ಮುಟ್ಟಲು ಬೋರ್ಡಿನಲ್ಲಿ ಮೊದಲೇ ಜಾಗ ಬಿಟ್ಟಿರಬೇಕು. ಬಿಟ್ಟಿರದಿದ್ದರೆ ನಾಲ್ಕನೆಯ ಬೋರ್ಡು.

ಪ್ಲಾಸ್ಟಿಕ್ ಡಬ್ಬಿಯ ಮೋಲ್ಡಿಗೆ 4 ಲಕ್ಷ ಎಂದು ಹಿಡಿಯಿರಿ. ನೂರು ಡಬ್ಬಿ ಮಾಡಿದರೆ ತಲೆಗೆ 4,000, ಐದು ಸಾವಿರ ಮಾಡಿದರೆ 80. ಮೊದಲ ನೂರಕ್ಕೆ ಪೇಟೆಯಲ್ಲಿ ಸಿಗುವ ಸಿದ್ಧ ಡಬ್ಬಿಗೆ ತೂತು ಹೊಡೆಯುವುದೇ ಬುದ್ಧಿವಂತಿಕೆ.

ಸಾವಿರಕ್ಕೆ ಹೋದಾಗ ಮಾತ್ರ ಕಾಣಿಸುವ ತೊಂದರೆಗಳೂ ಇವೆ. ಕರೆಂಟ್ ಬಂದ ತಕ್ಷಣ ಮೋಟರ್ ಚಾಲೂ ಮಾಡು ಎಂದು ಬರೆದ ಪ್ರೋಗ್ರಾಮ್ ಒಂದು ಹೊಲದಲ್ಲಿ ಸೊಗಸಾಗಿ ಓಡುತ್ತದೆ. ಒಂದೇ ಫೀಡರಿನಲ್ಲಿ ಇಂಥ ಇನ್ನೂರು ಡಬ್ಬಿ ಕೂತವು ಎನ್ನಿ. ಚಾಲೂ ಆಗುವ ಗಳಿಗೆಯಲ್ಲಿ ಮೋಟರು ತನ್ನ ಮಾಮೂಲಿನ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ. ರಾತ್ರಿ ಎರಡಕ್ಕೆ ಲೈನು ಬಂದೊಡನೆ ಇನ್ನೂರೂ ಒಮ್ಮೆಲೇ ಎಳೆದರೆ ವೋಲ್ಟೇಜ್ ಬಿದ್ದು, ಕಾಂಟ್ಯಾಕ್ಟರುಗಳು ಕಳಚಿ, ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫ್ಯೂಜು ಹಾರಿ ಹೋಗಬಹುದು. ಆಟೊ ಸ್ಟಾರ್ಟರ್ ಎಂದರೆ ವಿದ್ಯುತ್ ಕಂಪನಿಯವರು ಮುಖ ಸಿಂಡರಿಸುವುದು ಇದಕ್ಕೇ. ಪ್ರತಿ ಡಬ್ಬಿಯೂ ತನ್ನ ಸೀರಿಯಲ್ ನಂಬರಿನಿಂದ ಒಂದು ಕಾಯುವ ಹೊತ್ತನ್ನು ಲೆಕ್ಕ ಹಾಕಿ, ಒಂದು 20 ಸೆಕೆಂಡಿಗೆ, ಇನ್ನೊಂದು 3 ನಿಮಿಷಕ್ಕೆ ಶುರುವಾದರೆ ಈ ನೂಕುನುಗ್ಗಲು ಇಲ್ಲ. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲಿನ ಕೆಲಸ. ಮೇಜಿನ ಮೇಲೆ ಎಷ್ಟು ದಿನ ಕೂತರೂ ಹೊಳೆಯದ ನಾಲ್ಕು ಸಾಲು.

ಬಿಡಿಭಾಗಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. 2020ರಿಂದ 2022ರವರೆಗೆ ಜಗತ್ತಿನ ತುಂಬ ಚಿಪ್ಪಿನ ಬರ ಬಿದ್ದಾಗ ಕಾರಿನ ಕಂಪನಿಗಳೇ ಕೈಕಟ್ಟಿ ಕೂತವು. ಒಂದೇ ಕಂಪನಿಯ ಒಂದೇ ಚಿಪ್ಪಿಗೆ ಕೊರಳು ಕೊಟ್ಟವನು ಉಳಿಯುವುದು ಕಷ್ಟ. ಪ್ರತಿ ಮುಖ್ಯ ಭಾಗಕ್ಕೂ ಬದಲಿ ಹೆಸರನ್ನು ಮೊದಲೇ ಬರೆದಿಡಬೇಕು. ಮೋಡೆಮಿನದು ಇನ್ನೂ ನಾಜೂಕು. 2ಜಿ ಮೋಡೆಮ್ ಅಗ್ಗ, ಆದರೆ ಜಿಯೊ 2016ರಲ್ಲಿ ಬಂದಾಗಿನಿಂದಲೂ 2ಜಿ ಇಟ್ಟುಕೊಂಡಿಲ್ಲ. ಹತ್ತು ವರ್ಷ ಗೋಡೆಯ ಮೇಲೆ ಇರಬೇಕಾದ ಡಬ್ಬಿಗೆ ಇವತ್ತಿನ ಅಗ್ಗವನ್ನು ನಂಬಬಹುದೇ?

ಮಾದರಿಯಿಂದ ಮಾಲಿನವರೆಗಿನ ಹಾದಿ ಎಷ್ಟು ದುಬಾರಿ ಎಂಬುದಕ್ಕೆ ಕರ್ನಾಟಕದ್ದೇ ದೊಡ್ಡ ಸಾಕ್ಷಿ ಸಿಂಪ್ಯೂಟರ್. ಕೈಯಲ್ಲಿ ಹಿಡಿಯುವ, ಓದು ಬಾರದವರೂ ಬಳಸಬಹುದಾದ ಕಂಪ್ಯೂಟರ್ ಬೇಕೆಂಬ ಯೋಚನೆ 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆಯವರೂ ಸೇರಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು: 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಒಳಗೆ ಲಿನಕ್ಸ್, ಸ್ಮಾರ್ಟ್ ಕಾರ್ಡ್ ತೂರಿಸುವ ಜಾಗ. ಬೆಲೆ 9,000 ರೂಪಾಯಿ ಆಸುಪಾಸು ಇರಬೇಕೆಂಬ ಗುರಿ. ದೇಶ ವಿದೇಶದ ಪತ್ರಿಕೆಗಳು ಹಾಡಿ ಹೊಗಳಿದವು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ’ ಹೆಸರಿನ ಸಿಂಪ್ಯೂಟರ್ ಅಂಗಡಿಗೆ ಬಂದದ್ದು 2004ರ ಮಾರ್ಚ್‌ನಲ್ಲಿ. ಮೂರು ವರ್ಷ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿ ಹಳ್ಳಿಗೂ ಹೊರಟಿತ್ತು. ಮಾರಾಟವಾದದ್ದು ಕೆಲವೇ ಸಾವಿರ. ವಿನ್ಯಾಸ ಕೆಟ್ಟದ್ದಿರಲಿಲ್ಲ, ಅಲುಗಾಡಿಸಿದರೆ ತಿಳಿಯುವ ಸೆನ್ಸರ್ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ. ಬೆಲೆ ಇಳಿಯಲು ಸಂಖ್ಯೆ ಬೇಕಿತ್ತು, ಸಂಖ್ಯೆ ಏರಲು ಬೆಲೆ ಇಳಿಯಬೇಕಿತ್ತು. ಆ ಗಂಟನ್ನು ಬಿಚ್ಚುವ ಒಬ್ಬ ದೊಡ್ಡ ಗಿರಾಕಿ ಸಿಗಲಿಲ್ಲ.

ಅದೇ ಬಿಇಎಲ್ ಮಾಡುವ ಮತಯಂತ್ರಕ್ಕೆ ಅಂಥ ಗಿರಾಕಿ ಇದ್ದ, ಚುನಾವಣಾ ಆಯೋಗ. ಅದರ ಹಾದಿಯೂ ಸಲೀಸೇನಲ್ಲ. 1982ರ ಮೇ ತಿಂಗಳಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಕೆಲಸ ಮಾಡಿತು, ಆದರೆ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರಲ್ಲಿ ಕಾಯ್ದೆ ತಿದ್ದಿ, ಇಡೀ ದೇಶದ ಲೋಕಸಭಾ ಚುನಾವಣೆಗೆ ಯಂತ್ರ ಇಳಿದದ್ದು 2004ರಲ್ಲಿ. ಅಮಿಡಾ ಬಂದ ವರ್ಷವೇ.

ನಮ್ಮ ಹುಡುಗನಿಗೆ ಆಯೋಗದಂಥ ಗಿರಾಕಿ ಸಿಗಲಾರ. ಆದರೆ ಅವನು ಒಂಟಿಯೂ ಅಲ್ಲ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ತಗಡು, ಎರಕ, ಲೇಥಿನ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ್. ಬೋರ್ಡು ಕೂಡಿಸುವ ದೊಡ್ಡ ಕಾರ್ಖಾನೆಗಳು ಮೈಸೂರು, ಬೆಂಗಳೂರಿನ ಕಡೆ. ಸಿಡಿಲಿನಂಥ ಸರ್ಜ್ ಹೊಡೆದು ನೋಡುವ ಪರೀಕ್ಷಾಲಯಗಳೂ ಅಲ್ಲೇ. ರೇಡಿಯೊ ಇರುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಕಾಗದಪತ್ರ ಬೇಕು. ಈಗಾಗಲೇ ಒಪ್ಪಿಗೆ ಪಡೆದ ಮೋಡೆಮನ್ನೇ ಕೊಂಡರೆ ಅಲೆದಾಟ ಕಡಿಮೆ.

ಮೊದಲು ಐವತ್ತು ಡಬ್ಬಿ ಸಾಕು. ಹದಿನೈದು ಕಿತ್ತೂರಿನ ಕಡೆ, ಹತ್ತು ಬೈಲಹೊಂಗಲದ ಸುತ್ತ, ಉಳಿದ ಇಪ್ಪತ್ತೈದು ಸವದತ್ತಿ ರಾಮದುರ್ಗದ ಒಣ ಹೊಲಗಳಿಗೆ. ಕೂರಿಸುವುದು ಮಾರ್ಚ್‌ನಲ್ಲಿ. ಬಿಸಿಲು, ಸಿಡಿಲು, ಮಳೆ ಮೂರೂ ಒಂದರ ಹಿಂದೊಂದು ಬರುತ್ತವೆ. ಪ್ರತಿ ಡಬ್ಬಿಯ ಮುಚ್ಚಳದ ಒಳಮೈಗೆ ಒಂದು ಚೀಟಿ: ಸೀರಿಯಲ್ ನಂಬರು, ಪ್ರೋಗ್ರಾಮಿನ ಆವೃತ್ತಿ, ಕೂರಿಸಿದ ತಾರೀಖು. ಸೆಪ್ಟೆಂಬರಿನಲ್ಲಿ ಮೋಟರ್‌ಸೈಕಲ್ ಹತ್ತಿ ಐವತ್ತೂ ಹೊಲಗಳಿಗೆ ಹೋಗಿ, ಸ್ಕ್ರೂ ಬಿಚ್ಚಿ, ಒಳಗೆ ಏನಾಗಿದೆ ನೋಡಿಕೊಂಡು ಬಂದ ಮೇಲೆ ಸಾವಿರದ ಆರ್ಡರ್ ಬರೆಯಲಿ.